ಬಗ್ಗಿ ಮಾತಾಡುವ ಕಿಟಕಿ

ಹಳಿಯಾಳದ ಶೋರೂಮಿನಲ್ಲಿ ಬಿಡಿಭಾಗ ಕೊಡುವ ಕೌಂಟರಿಗೆ ದಪ್ಪ ಗಾಜು ಹಾಕಿದ್ದಾರೆ. ಗಾಜಿನ ಕೆಳಗೆ, ನನ್ನ ಹೊಟ್ಟೆಯ ಮಟ್ಟಕ್ಕೆ, ಅರ್ಧಚಂದ್ರದ ಆಕಾರದ ಒಂದು ಕಿಂಡಿ ಇದೆ. ನೆಟ್ಟಗೆ ನಿಂತರೆ ಒಳಗಿನವನ ಮುಖ ಕಾಣುತ್ತದೆ, ಆದರೆ ನಮ್ಮ ಮಾತು ಅವನಿಗೆ ಕೇಳುವುದಿಲ್ಲ. ಬಗ್ಗಿ ಕಿಂಡಿಗೆ ಬಾಯಿ ಹಚ್ಚಿದರೆ ಮಾತು ಕೇಳುತ್ತದೆ, ಆದರೆ ಮುಖ ಕಾಣುವುದಿಲ್ಲ. ಕಾಣುವುದು ಒಂದು ಕೀಬೋರ್ಡು, ಅದರ ಮೇಲೆ ಎರಡು ಕೈ, ಅಷ್ಟೇ. ಇದನ್ನು ಮಾಡಿಸಿದವನು ದಡ್ಡನೋ ಮಹಾ ಜಾಣನೋ ನನಗೆ ಇನ್ನೂ ತಿಳಿದಿಲ್ಲ. ದಾಂಡೇಲಿಯಲ್ಲಿ ಮೂವತ್ತು ವರ್ಷದಿಂದ ಮೋಟರ್ ಸೈಕಲ್ ರಿಪೇರಿ ಮಾಡುತ್ತಿದ್ದೇನೆ, ಸೊಂಟ ಬಗ್ಗಿಸುವುದು ನನಗೆ ಹೊಸದಲ್ಲ. ಆದರೂ ಆ ಕಿಟಕಿಯ ಮುಂದೆ ಬಗ್ಗುವಾಗ ಪ್ರತಿ ಸಲ ಮೈ ಉರಿಯುತ್ತದೆ.

ನಮ್ಮಂಥ ಹೊರಗಿನ ಮಿಸ್ತ್ರಿಗಳ ಪಾಡು ಅಲ್ಲಿ ಯಾರಿಗೂ ಬೇಡ. ಮೊದಲು ಚಾಸಿ ನಂಬರು ಕೇಳುತ್ತಾರೆ. ಕೊಟ್ಟರೆ ಮಾಡೆಲ್ ಯಾವ ವರ್ಷದ್ದು ಅನ್ನುತ್ತಾರೆ. ಅದನ್ನೂ ಹೇಳಿದರೆ, ಆ ವಾಷರ್ ಒಂದೇ ಬರುವುದಿಲ್ಲ, ಇಡೀ ಪಂಪು ತಗೊಳ್ಳಬೇಕು ಅನ್ನುತ್ತಾರೆ. ಸರಿ, ಪಂಪೇ ಕೊಡಿ ಅಂದರೆ ಕಂಪ್ಯೂಟರ್ ಕೆಟ್ಟಿರುತ್ತದೆ. ಅದು ಸರಿಯಾಗುವ ಹೊತ್ತಿಗೆ ಅವರ ಊಟದ ಹೊತ್ತು. ಊಟವಾದ ಮೇಲೆ ಕಪಾಟಿನ ಚಾವಿ ಇದ್ದವನು ಹುಬ್ಬಳ್ಳಿಗೆ ಹೋಗಿರುತ್ತಾನೆ. ಮ್ಯಾನೇಜರಿಗೆ ದೂರು ಹೇಳಿದರೆ ಅವನು ಇನ್ನೊಬ್ಬನಿಗೆ ಹೇಳುತ್ತೇನೆ ಅನ್ನುತ್ತಾನೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಮುಂಡಗೋಡದಿಂದ ಎರಡು ಬಸ್ಸು ಬದಲಿಸಿ ಬಂದ ಮಿಸ್ತ್ರಿಯೊಬ್ಬನಿಗೆ ಎಡಗಡೆಯ ಕನ್ನಡಿಯ ಬದಲು ಬಲಗಡೆಯದನ್ನು ಕಟ್ಟಿ ಕಳಿಸಿದ್ದರು. ವಾಪಸು ತಂದಾಗ, ಪ್ಯಾಕೆಟ್ ಒಡೆದಿದ್ದೀರಿ, ತಗೊಳ್ಳುವುದಿಲ್ಲ ಅಂದರು. ಅವನು ಆ ಕನ್ನಡಿಯನ್ನು ಗ್ಯಾರೇಜಿನ ಗೋಡೆಗೆ ಹಚ್ಚಿ ಅದರಲ್ಲಿ ನೋಡಿಕೊಂಡು ಗಡ್ಡ ಮಾಡಿಕೊಳ್ಳುತ್ತಾನೆ.

ಇದೆಲ್ಲ ಸಿಟ್ಟಿನ ಮಾತಾಯಿತು, ನೋವಿನದಲ್ಲ. ಒಳಗೆ ಕೂತವರು ಗುರುತಿನವರಲ್ಲ, ಬೈದು ಬಸ್ಸು ಹತ್ತಿದರೆ ಮುಗಿಯಿತು. ನೋವು ಶುರುವಾದದ್ದು ಆ ಕೀಬೋರ್ಡಿನ ಮೇಲೆ ನನಗೆ ಗೊತ್ತಿರುವ ಕೈ ಬಂದು ಕೂತ ಮೇಲೆ.

ಅವು ನನ್ನ ದೋಸ್ತನ ಕೈ. ಅವನೂ ಮಿಸ್ತ್ರಿ. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡಿದೆವು. ಅವನಪ್ಪ ಧಾರವಾಡ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಅವನ ಡಬ್ಬಿಯ ರೊಟ್ಟಿ ನಾನು ತಿನ್ನುತ್ತಿದ್ದೆ, ನನ್ನ ಮನೆಯ ಪಲ್ಯ ಅವನು ತಿನ್ನುತ್ತಿದ್ದ. ಅವನ ಎಡಗೈ ಹೆಬ್ಬೆರಳಿನ ಉಗುರು ಸೊಟ್ಟ. ಒಂದು ಸಲ ನಾನೇ ಬೀಸಿದ ಸುತ್ತಿಗೆ ತಪ್ಪಿ ಅದರ ಮೇಲೆ ಬಿದ್ದಿತ್ತು. ಅವನು ಬೈಯಲಿಲ್ಲ, ಬೆರಳು ಬಾಯಲ್ಲಿಟ್ಟುಕೊಂಡು ನಕ್ಕಿದ್ದ.

ನಮ್ಮ ಶೆಡ್ಡಿನಲ್ಲಿ ಎರಡು ಪದ್ಧತಿ ಇದ್ದವು. ಒಂದು, ಇಂಜಿನ್ನಿನ ಬೋಲ್ಟು ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಕೆಂಪು ನೇಲ್ ಪಾಲಿಶಿನ ಗೆರೆ ಎಳೆಯುವುದು. ಬೇರೆಯವರು ಬಿಚ್ಚಿದರೆ ಗೆರೆ ಮುರಿದದ್ದು ಗೊತ್ತಾಗುತ್ತದೆ. ಬಾಟಲಿ ನನ್ನ ಹೆಂಡತಿಯದು, ಉಪಾಯ ದೋಸ್ತನದು. ಇನ್ನೊಂದು, ಮೊಳೆಗೆ ತೂಗುಹಾಕಿದ ಉದ್ದನೆಯ ರಿಜಿಸ್ಟರು. ಅದರಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ: ಊರು, ಫೋನ್ ನಂಬರು, ಗಾಡಿಯ ರೋಗ, ಗಾಡಿಯವನ ರೋಗ. ತೇರಗಾಂವದ ಒಬ್ಬನ ಪುಟದಲ್ಲಿ, 'ಸೈಲೆನ್ಸರ್ ತೂತು ಮಾಡಿಕೊಡು ಅನ್ನುತ್ತಾನೆ, ಮಾಡಿಕೊಡಬಾರದು' ಎಂದು ಇದೆ. ಬರೆಯುವ ಕೆಲಸ ದೋಸ್ತನದು. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಅವನದು ಮುತ್ತು.

ಎರಡು ವರ್ಷದ ಹಿಂದೆ ಅವನ ಬೆನ್ನು ಕೈಕೊಟ್ಟಿತು. ಕೂತು ಎದ್ದು ಮಾಡುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದರು. ಶೋರೂಮಿನ ಕೌಂಟರಿಗೆ ಆಳು ಬೇಕಂತೆ ಎಂಬ ಸುದ್ದಿ ತಂದವನು ನಾನೇ. ಅವನ ಜೊತೆ ಹಳಿಯಾಳಕ್ಕೆ ಹೋಗಿ ಮಾಲಕನ ಎದುರು ನಿಂತು, "ಇವಗಿಂತ ಸಾಮಾನು ಗೊತ್ತಿದ್ದಾಂವ ಈ ತಾಲೂಕಿನ್ಯಾಗ ಇನ್ನೊಬ್ಬ ಇಲ್ರಿ" ಎಂದು ಹೇಳಿದವನೂ ನಾನೇ. ಮಾಲಕ ನಕ್ಕು, ವಿಚಾರ ಮಾಡುತ್ತೇನೆ ಅಂದ. ಎರಡನೇ ಸಲ ಅವನೊಬ್ಬನನ್ನೇ ಕರೆಸಿದ, ಕೆಲಸ ಕೊಟ್ಟ.

ಶೆಡ್ಡಿನಲ್ಲಿ ಕೊನೆಯ ದಿನ ಅವನು ಸುತ್ತಿಗೆ, ಸ್ಪ್ಯಾನರು ಎಲ್ಲ ಒರೆಸಿ ಇಟ್ಟ. ಆಮೇಲೆ ಮೊಳೆಯಿಂದ ರಿಜಿಸ್ಟರು ಇಳಿಸಿಕೊಂಡು, "ಹನ್ನೊಂದ್ ವರ್ಷ ಬರದೇನಿ ದೋಸ್ತ. ನೆನಪಿಗೆ ಇರ್ಲಿ, ಫೋಟೋ ಹೊಡ್ಕೊಳ್ಳೇನು?" ಎಂದು ಕೇಳಿದ. "ಹೊಡ್ಕೋ" ಅಂದೆ. ಫ್ಯಾನಿನ ಗಾಳಿಗೆ ಪುಟ ಹಾರುತ್ತಿದ್ದವು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಪುಟ ತೆರೆದು, ಅಂಗೈಯಿಂದ ಒತ್ತಿ ಹಿಡಿದುಕೊಂಡೆ. ಅವನು ಒಂದೊಂದೇ ಪುಟದ ಫೋಟೋ ತೆಗೆದ. ಕೆಲವು ಪುಟಗಳಲ್ಲಿ ನಾವಿಬ್ಬರೂ ನಕ್ಕೆವು.

ಮೊದಲ ಒಂದು ವರ್ಷ ನನ್ನಂಥ ಸುಖಿ ಮಿಸ್ತ್ರಿ ಇರಲಿಲ್ಲ. ಬೆಳಿಗ್ಗೆ ಫೋನು ಮಾಡಿದರೆ ಮಧ್ಯಾಹ್ನದ ಬಸ್ಸಿಗೆ ಸಾಮಾನು ಬರುತ್ತಿತ್ತು. ದೋಸ್ತ ಪೊಟ್ಟಣ ಕಟ್ಟಿ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದ, ನಾನು ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುತ್ತಿದ್ದೆ. ಬೇರೆ ಮಿಸ್ತ್ರಿಗಳು ಹೊಟ್ಟೆಕಿಚ್ಚು ಪಟ್ಟರು. ಶೋರೂಮಿನವರು ಹಿಂದುಗಡೆ ದೊಡ್ಡ ವರ್ಕ್‌ಶಾಪು ಕಟ್ಟಿಸಿ ಹೊಸ ಮ್ಯಾನೇಜರನ್ನು ತಂದ ಮೇಲೆ ಪೊಟ್ಟಣಗಳು ತಡವಾಗತೊಡಗಿದವು. ಕಂಪನಿಯಿಂದಲೇ ತಡ ಎಂದು ದೋಸ್ತ ಹೇಳುತ್ತಿದ್ದ. ದೋಸ್ತ ಹೇಳಿದ ಮೇಲೆ ನನಗೆ ಅದು ಕುರಾನಿನಷ್ಟೇ ಖರೆ.

ಹೋದ ಚಳಿಗಾಲದಲ್ಲಿ ಜೋಯಿಡಾ ಕಡೆಯ ಅಂಚೆಯವರೊಬ್ಬರು, ದೋಸ್ತ ಶೆಡ್ಡಿನಲ್ಲಿದ್ದಾಗಿನಿಂದಲೂ ನಮ್ಮ ಗಿರಾಕಿ, ಗಾಡಿ ತಂದರು. ನನಗಿಂತ ಒಂದೆರಡು ವರ್ಷ ದೊಡ್ಡವರು, ಕೊಂಕಣಿ ಮನೆಮಾತು, ಮೆತ್ತಗೆ ಮಾತಾಡುವವರು. ಕಾಡಿನೊಳಗಿನ ಮೂರು ಊರುಗಳ ಟಪಾಲು ಅವರ ಕೈಯಲ್ಲಿ. ದಿನಾ ಬೆಳಿಗ್ಗೆ ಟಪಾಲಿನ ಚೀಲವನ್ನು ಡಾಂಬರು ರಸ್ತೆಗೆ ತಂದು ಜೋಯಿಡಾ ಬಸ್ಸಿಗೆ ಮುಟ್ಟಿಸುವುದು ಅವರ ಕೆಲಸ. ಗಾಡಿ ಹಳೆಯದು, ಕ್ಯಾಸಲ್‌ರಾಕಿನ ರೈಲ್ವೆಯವರೊಬ್ಬರಿಂದ ಕೊಂಡದ್ದು. ಮೂರನೇ ಗೇರು ಹಾಕಿದರೆ ಜಿಗಿದು ಹೊರಗೆ ಬರುತ್ತಿತ್ತು. ಒಳಗಿನ ಗೇರಿನ ಚಕ್ರ ಸವೆದಿದೆ ಎಂದು ಸದ್ದಿನಲ್ಲೇ ತಿಳಿಯಿತು.

ನಾನು ದೋಸ್ತನಿಗೆ ಫೋನು ಮಾಡಿ ಗಾಡಿ ಯಾರದು, ರೋಗ ಏನು ಎಲ್ಲ ಹೇಳಿದೆ. "ನಾಳಿ ಬೆಳಗಿನ ಲೋಡಿಗೆ ಬರ್ತೈತಿ. ನೀ ಇಂಜಿನ್ ಬಿಚ್ಚಿ ಇಟ್ಕೋ, ಹೊತ್ತು ಉಳೀತೈತಿ" ಅಂದ.

ಸಾಮಾನು ಕೈಗೆ ಬರುವವರೆಗೆ ಇಂಜಿನ್ನಿಗೆ ಸ್ಪ್ಯಾನರು ಹಚ್ಚಬೇಡ ಎಂದು ನನ್ನ ಉಸ್ತಾದರು ಕಿವಿ ಹಿಂಡಿ ಕಲಿಸಿದ್ದರು. ನಾನೂ ಹತ್ತು ಜನಕ್ಕೆ ಕಲಿಸಿದ್ದೇನೆ. ಬಿಚ್ಚದೆ ಬಿಟ್ಟಿದ್ದರೆ ಅಂಚೆಯವರು ಎರಡನೇ ಗೇರಿನಲ್ಲೇ ಗುರ್‌ಗುರ್ ಅನ್ನಿಸುತ್ತ ಒಂದು ತಿಂಗಳು ತಳ್ಳಬಹುದಿತ್ತು. ಆದರೆ ಹೇಳಿದವನು ದೋಸ್ತ. ಮಧ್ಯಾಹ್ನವೇ ಇಂಜಿನ್ ಇಳಿಸಿ ಎರಡು ಹೋಳು ಮಾಡಿದೆ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ ಅನ್ನುತ್ತಾರಲ್ಲ, ನಾನು ಹಗಲಲ್ಲೇ ಬಿದ್ದೆ.

ಮರುದಿನ ಸಾಮಾನು ಬರಲಿಲ್ಲ. ಮೂರನೇ ದಿನವೂ ಇಲ್ಲ. ವಾರ ಕಳೆಯಿತು. ಫೋನು ಮಾಡಿದರೆ, "ಇನ್ನೂ ಬಂದಿಲ್ಲೋ, ನಾಳಿ ನೋಡೂಣು." ಮೂರು ಸಲ ಹಳಿಯಾಳಕ್ಕೆ ಹೋಗಿ ಕಿಂಡಿಗೆ ಬಗ್ಗಿದೆ. ಆ ಕೈ ಕೀಬೋರ್ಡಿನ ಮೇಲೆ ಟಕ ಟಕ ಅನ್ನಿಸಿ, "ಸ್ಟಾಕ್ ನಿಲ್ ತೋರಸ್ಲಿಕ್ಹತ್ತೈತಿ" ಅನ್ನುತ್ತಿದ್ದವು. ಕೈಯೇ ಮಾತಾಡಿದ ಹಾಗೆ ನನಗೆ ಈಗಲೂ ನೆನಪು, ಯಾಕೆಂದರೆ ಮುಖ ನಾನು ನೋಡಿರಲಿಲ್ಲ. ಹುಬ್ಬಳ್ಳಿಯ ಅಂಗಡಿಗಳಿಗೂ ಹೋಗಿಬಂದೆ. ಅಲ್ಲಿ ಡುಪ್ಲಿಕೇಟ್ ಮಾತ್ರ ಇತ್ತು. ಗೇರಿಗೆ ಡುಪ್ಲಿಕೇಟ್ ಹಾಕಿ ಕಾಡಿನ ದಾರಿಗೆ ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಅಷ್ಟು ದಿನವೂ ಅಂಚೆಯವರು ಚೀಲ ಹೊತ್ತು ನಡೆದರು. ಇನ್ನೂ ಕತ್ತಲಿರುವಾಗಲೇ ಮನೆ ಬಿಡುತ್ತಿದ್ದರಂತೆ. ಮೊಣಕಾಲು ಬಾತಿತ್ತು. ಎರಡು ಸಲ ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ನಾಲ್ಕೈದು ದಿನಕ್ಕೊಮ್ಮೆ ಶೆಡ್ಡಿಗೆ ಬಂದು, ತಗಡಿನ ಬೋಗುಣಿಯಲ್ಲಿ ಸೀಮೆಎಣ್ಣೆಗೆ ಹಾಕಿಟ್ಟ ಗೇರುಗಳನ್ನು ನೋಡಿ ಸುಮ್ಮನೆ ಹೋಗುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹತ್ತೊಂಬತ್ತನೇ ದಿನ ಬಂದವರು ಸ್ಟೂಲಿನ ಮೇಲೆ ಕೂತರು. ಕೈಯಲ್ಲಿ ಮಡಚಿದ ಒಂದು ಕಾಗದ.

"ಮಿಸ್ತ್ರಿ, ನೋಟಿಸ್ ಬಂದೈತಿ. ಇನ್ನೊಮ್ಮೆ ಚೀಲಾ ತಪ್ಪಿದ್ರ ಕೆಲಸಾ ತಗೀತಾರ" ಅಂದರು. ಆಮೇಲೆ, "ಒಂದ್ ಮಾತ್ ಹೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಿನ್ನೆ ಹಳಿಯಾಳ ಶೋರೂಮಿನಿಂದ ಫೋನ್ ಬಂದಿತ್ರಿ. ಒಂದು ಹುಡುಗಿ ಮಾತಾಡಿದ್ಲು. ನಿಮ್ಮ ಗಾಡೀದು ಮೂರನೇ ಗೇರ್ ತ್ರಾಸ್ ಐತೆಲ್ಲಾ, ಸಾಮಾನು ನಮ್ಮ ಕಡೆ ಐತಿ, ಗಾಡಿ ಇಲ್ಲೇ ತಂದ್ರ ಒಂದ್ ದಿನದಾಗ ಮಾಡಿ ಕೊಡ್ತೇವಿ ಅಂತ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ನಿಮ್ಮ ನಂಬರ್ ಅವರಿಗೆ ಯಾರು ಕೊಟ್ರು?" ಎಂದು ಕೇಳಿದೆ.

"ನಾ ಅಂತೂ ಕೊಟ್ಟಿಲ್ರಿ. ಆ ಶೋರೂಮಿನ ಮೆಟ್ಲಾನೂ ಹತ್ತಿಲ್ಲ. ಗ್ಯಾರೇಜ್ ಅಂತ ನಂಬರ್ ಕೊಟ್ಟಿದ್ದು ನಿಮ್ಮಲ್ಲಿ ಒಂದ ಕಡೆ."

ಇಬ್ಬರೂ ಏಕಕಾಲಕ್ಕೆ ಮೊಳೆಯ ಕಡೆ ನೋಡಿದೆವು. ರಿಜಿಸ್ಟರು ಅಲ್ಲೇ ತೂಗುತ್ತಿತ್ತು. ನನ್ನ ಅಂಗೈ ತಣ್ಣಗಾಯಿತು. ಪುಟ ಹಾರದಂತೆ ಒತ್ತಿ ಹಿಡಿದಿದ್ದ ಅದೇ ಅಂಗೈ.

ಅಂಚೆಯವರು ಸಂಕೋಚದಿಂದ ಒಂದು ಗೋಣಿಚೀಲ ತೆಗೆದರು. ಕೇಳುವ ಧೈರ್ಯ ಅವರಿಗಿರಲಿಲ್ಲ, ಬೇಡ ಅನ್ನುವ ಬಾಯಿ ನನಗಿರಲಿಲ್ಲ. ಒಂದೊಂದೇ ಗೇರು ಒರೆಸಿ, ಬೋಲ್ಟುಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿ, ಇಂಜಿನ್ನಿನ ಎರಡೂ ಹೋಳುಗಳನ್ನು ಹಳೆಯ ಟ್ಯೂಬಿನಿಂದ ಬಿಗಿದು ಚೀಲಕ್ಕೆ ಹಾಕಿದೆ. ಉಳಿದ ಗಾಡಿಯನ್ನು ಟೆಂಪೋಕ್ಕೆ ಏರಿಸಿದೆವು. ಮೂವತ್ತು ವರ್ಷದಲ್ಲಿ ನಾನು ಬಿಚ್ಚಿದ ಇಂಜಿನ್ನು ಜೋಡಿಸದೆ ಹೊರಗೆ ಹೋದದ್ದು ಅದೊಂದೇ. ಅವರಿಗೆ ಟೆಂಪೋದಲ್ಲಿ ಹೋಗಲು ಹೇಳಿ ನಾನು ಬಸ್ಸಿನಲ್ಲಿ ಹೊರಟೆ. ಶೋರೂಮಿನವರ ಎದುರು ಆ ಚೀಲದ ಜೊತೆ ಇಳಿಯಲು ನನಗೆ ಮರ್ಯಾದೆ ಅಡ್ಡ ಬಂತು.

ಕಿಂಡಿಗೆ ಬಗ್ಗಿ ಕೇಳಿದೆ: "ಅಂಚೆಯವರ ಗೇರು ಎಂದ ಬಂತು?"

ಕೈ ನಿಂತವು. ಸೊಟ್ಟ ಉಗುರಿನ ಹೆಬ್ಬೆರಳು ಕೀಬೋರ್ಡಿನ ಅಂಚನ್ನು ಉಜ್ಜಿತು.

"ಮರುದಿನಾನ ಬಂತು" ಅಂದ.

ನಾನು ನೆಟ್ಟಗಾದೆ, ಮುಖ ನೋಡಬೇಕೆಂದು. ಅವನು ತಲೆ ತಗ್ಗಿಸಿದ್ದ, ತುಟಿ ಅಲುಗುತ್ತಿತ್ತು, ಏನೂ ಕೇಳಿಸಲಿಲ್ಲ. ಮತ್ತೆ ಬಗ್ಗಿದೆ. "...ಹೊರಗಿನ ಗ್ಯಾರೇಜಿಗೆ ಇಂಜಿನ್ ಒಳಗಿನ ಸಾಮಾನು ಕೊಡಬ್ಯಾಡ ಅಂದಾನ ಮ್ಯಾನೇಜರ್. ಬಂದಿದ್ದ ಪ್ಯಾಕೆಟ್ ತಗದು ವರ್ಕ್‌ಶಾಪಿಗೆ ಇಟ್ಟಾ. ನಾ ಏನ್ ಮಾಡ್ಲಿ?"

"ನನಗ ಒಂದ್ ಫೋನ್ ಮಾಡಬೇಕಿತ್ತಲ್ಲೋ. ನಾ ಆ ಇಂಜಿನ್ ಅವತ್ತ ಜೋಡಿಸಿ ಕಳಸ್ತಿದ್ದೆ. ಆ ಮನಷ್ಯಾ ಹತ್ತೊಂಬತ್ತ ದಿನಾ ನಡದಾನ."

"ಹೆಂಗ ಹೇಳ್ಲಿ ನಿನಗ? ಯಾವ ಬಾಯಿಲೆ ಹೇಳ್ಲಿ?"

"ಹತ್ತೊಂಬತ್ತ ದಿನಾ 'ನಾಳಿ' ಅನ್ನಾಕ ಬಾಯಿ ಇತ್ತು."

ಹಿಂದೆ ನಿಂತ ಇಬ್ಬರು ಗಿರಾಕಿಗಳು ಗೊಣಗಿದರು. ನನಗೆ ಅದರ ಪರಿವೆ ಇರಲಿಲ್ಲ. "ನಂಬರ್?" ಅಂದೆ.

ಕೈ ಕೀಬೋರ್ಡು ಬಿಟ್ಟು ಕೆಳಗೆ ಇಳಿದವು.

"ಹೊರಗ ಬಾ."

"ಡ್ಯೂಟಿ ಮ್ಯಾಲ ಅದೀನಿ."

"ನಂಬರ್ ಎಂದ ಕೊಟ್ಟಿ ಇವರಿಗೆ? ಈ ಮ್ಯಾನೇಜರ್ ಬಂದ ಮ್ಯಾಲ?"

"ಮೊದ್ಲ" ಎಂದ, ಬಹಳ ಮೆಲ್ಲಗೆ. "ಸೇರೂಕಿಂತ ಮೊದ್ಲ. ನನ್ನೊಬ್ಬನ್ನ ಕರಸಿದ್ನಲ್ಲಾ ಮಾಲಕ, ಅವತ್ತ. ಗಿರಾಕಿ ನಂಬರ್ ತಂದ್ರ ಕೆಲಸಾ ನಿಂದ ಅಂದಾ. ಬೆನ್ನು ಹೋಗಿತ್ತು ದೋಸ್ತ, ಬ್ಯಾರೆ ದಾರಿ ಇದ್ದಿಲ್ಲ."

ಇಷ್ಟು ದಿನ ನಾನು ಇದನ್ನೇ ಕೇಳಲು ಬಗ್ಗಿದ್ದೆ ಅನ್ನಿಸಿತು. ಸಾಮಾನಿನ ಸುಳ್ಳನ್ನು ಮ್ಯಾನೇಜರನ ತಲೆಗೆ ಕಟ್ಟಬಹುದು. ಆದರೆ ಆ ಕೊನೆಯ ದಿನ, ಸ್ಪ್ಯಾನರು ಒರೆಸಿಟ್ಟು, ನೆನಪಿಗೆ ಇರಲಿ ಎಂದವನಿಗೂ ನನ್ನಷ್ಟೇ ಸಂಕಟವಾಗಿದೆ ಎಂದುಕೊಂಡಿದ್ದೆನಲ್ಲ, ಅದನ್ನು ಯಾರ ತಲೆಗೆ ಕಟ್ಟಲಿ? ಉಂಡ ಮನೆಯ ಜಂತಿ ಎಣಿಸಿದ, ಅದೂ ನನ್ನ ಕೈಯಲ್ಲೇ ದೀಪ ಹಿಡಿಸಿ. ಕೇಳಿದ್ದರೆ ನಾನೇ ಆ ರಿಜಿಸ್ಟರು ತಂದುಕೊಡುತ್ತಿದ್ದೆ ಅಂತ ಹೇಳಲಾರೆ. ಸಿಟ್ಟಾಗುತ್ತಿದ್ದೆ, ಜಗಳವಾಡುತ್ತಿದ್ದೆ. ಆದರೆ ಅವನ ಬೆನ್ನು ನನಗೂ ಗೊತ್ತಿತ್ತು. ಇಬ್ಬರೂ ಕೂತು ಏನಾದರೊಂದು ದಾರಿ ಹುಡುಕುತ್ತಿದ್ದೆವು. ಆ ಅವಕಾಶವನ್ನೂ ಅವನು ನನಗೆ ಕೊಡಲಿಲ್ಲ.

ಹಿಂದಿನವನು, "ಆತೇನ್ರಿ ಚಾಚಾ?" ಎಂದು ಕೇಳಿದ. ಆತು ಎಂದು ಪಕ್ಕಕ್ಕೆ ಸರಿದೆ. ಬಸ್ ಸ್ಟ್ಯಾಂಡಿಗೆ ಬಂದು ಚಹಾ ಹೇಳಿ, ಕುಡಿಯದೆ ಬಿಟ್ಟು ಬಂದೆ.

ಅಂಚೆಯವರಿಗೆ ಗಾಡಿ ಮರುದಿನವೇ ಸಿಕ್ಕಿತು, ಕೆಲಸ ಉಳಿಯಿತು. ಹತ್ತು ದಿನ ಬಿಟ್ಟು ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದರು. "ಓಡೋದೇನೋ ಛಲೋ ಓಡ್ತೈತ್ರಿ ಮಿಸ್ತ್ರಿ. ಆದ್ರ ನೀವೊಮ್ಮೆ ಕೈ ಹಚ್ಚಿ ನೋಡಿದ್ರ ನನಗ ಸಮಾಧಾನ" ಅಂದರು. ನನಗೆ ಕಣ್ಣು ತುಂಬಿ ಬಂದದ್ದನ್ನು ಅವರು ನೋಡಬಾರದೆಂದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ.

ಚಿಂದಿಯಿಂದ ಇಂಜಿನ್ನು ಒರೆಸುವಾಗ ಬೋಲ್ಟಿನ ತಲೆಯ ಮೇಲೆ ಒಂದು ಕೆಂಪು ಗೆರೆ ಕಂಡಿತು. ಪಕ್ಕದ್ದರ ಮೇಲೆ ಇನ್ನೊಂದು. ಒರೆಸುತ್ತ ಹೋದ ಹಾಗೆ ಎಲ್ಲದರ ಮೇಲೂ. ಶೋರೂಮಿನ ವರ್ಕ್‌ಶಾಪಿನವರು ಬಿಳಿ ಬಣ್ಣ ಹಚ್ಚುತ್ತಾರೆ. ಕೆಂಪು ನೇಲ್ ಪಾಲಿಶು ಹಚ್ಚುವವರು ಈ ಭಾಗದಲ್ಲಿ ಇಬ್ಬರೇ. ಅವನು ಕೌಂಟರು ಬಿಟ್ಟೆದ್ದು, ಆ ಬೆನ್ನಿನಲ್ಲಿ ನೆಲಕ್ಕೆ ಕೂತು, ನನ್ನ ಚಿಂದಿಯ ಗಂಟುಗಳನ್ನು ಬಿಚ್ಚಿ ತಾನೇ ಜೋಡಿಸಿದ್ದ. ಗಾಡಿ ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಒಂದು ಸುತ್ತು ಹೊಡೆದು ಮೂರನೇ ಗೇರು ಹಾಕಿ ನೋಡಿದೆ. ತಪ್ಪು ಹುಡುಕಬೇಕೆಂಬ ಆಸೆ ನನಗೆ ಇದ್ದದ್ದು ನಿಜ, ಒಂದೂ ಸಿಗಲಿಲ್ಲ. ಕೆಲಸ ಕೆಟ್ಟಿದ್ದರೆ ಅವನನ್ನು ಮರೆಯುವುದು ಸುಲಭವಿತ್ತು.

ಅಷ್ಟರಲ್ಲಿ ಅಂಚೆಯವರ ಫೋನು ರಿಂಗಾಯಿತು. ಕಿವಿಗಿಟ್ಟು ಒಂದು ಕ್ಷಣ ಕೇಳಿ ನನ್ನ ಕಡೆ ಚಾಚಿದರು. "ಶೋರೂಮಿನವರ್ರಿ. ಕೆಲಸಾ ಹೆಂಗಾಗೈತಿ ಕೇಳ್ತಾರ. ನನಗೇನ್ ತಿಳೀತೈತಿ, ನೀವ ಹೇಳ್ರಿ."

ಅತ್ತ ಒಂದು ಹುಡುಗಿ, ನಯವಾದ ದನಿ. "ಸರ್, ನಿಮ್ಮ ಗಾಡಿ ಕೆಲಸಕ್ಕ ಹತ್ತಕ್ಕ ಎಷ್ಟು ಕೊಡ್ತೀರಿ?"

ನಾನು ಗೆರೆಗಳನ್ನು ನೋಡಿದೆ. ಒಂದೂ ಸೊಟ್ಟಗಿರಲಿಲ್ಲ. "ಹತ್ತು" ಅಂದೆ.

"ಥ್ಯಾಂಕ್ಸ್ ಸರ್. ನಮ್ಮ ಶೋರೂಮಿಗೆ ಏನರ ಸಲಹೆ ಕೊಡೋದಿತ್ತಾ?"

ಬಹಳ ಮಾತು ಬಾಯಿಗೆ ಬಂದವು. ಆ ಹುಡುಗಿಗೆ ಹೇಳುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

"ಆ ಕೌಂಟರಿನ ಕಿಂಡಿ ಸ್ವಲ್ಪ ಮ್ಯಾಲ ಮಾಡಸ್ರಿ, ತಂಗಿ" ಅಂದೆ. "ಒಳಗ ಕೂತಾವನ ಮಾರಿ ಕಾಣಂಗಿಲ್ಲ."

ಬರೆದುಕೊಂಡಿದ್ದೇನೆ ಸರ್ ಎಂದು ಅವಳು ಫೋನು ಇಟ್ಟಳು.